ಹುಚ್ಚಪ್ಪ ಮಾಸ್ತರರ ದವಡೆ

ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ತಿರ್ಲಾಪುರದ ಕಡೆಯಿಂದ ನವಲಗುಂದಕ್ಕೆ ಹೊರಟಿದ್ದ ಬಸ್ಸು ಯರೇಹಾಳದ ಶಾಲೆಯ ಮುಂದೆ ನಿಂತಿತು. ಕಂಡಕ್ಟರ್ ಗಂಗಾ ಬಾಗಿಲಲ್ಲಿ ನಿಂತು, ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳನ್ನು ಕೈಹಿಡಿದು ಇಳಿಸಿದಳು. ಸೀಟಿ ಊದಬೇಕೆಂದು ತಲೆ ಎತ್ತಿದಾಗ ಶಾಲೆಯ ಗೇಟಿನ ಮೇಲೆ ಕಟ್ಟಿದ್ದ ಹೊಸ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಶಾಲೆಗೆ ಎಪ್ಪತ್ತೈದು ವರ್ಷ ತುಂಬಿದ ಸಮಾರಂಭ ಭಾನುವಾರ ಇತ್ತು. ಊರು ಅವಳದೇ. ಶಾಲೆಯೂ ಅವಳು ಕಲಿತದ್ದೇ. ಹಳೆಯ ವಿದ್ಯಾರ್ಥಿಗಳ ಸಂಘದವರು ತನ್ನ ತಂದೆಯ ಭಾವಚಿತ್ರವನ್ನು ಶಾಲೆಯ ಸಭಾಂಗಣದಲ್ಲಿ ಹಾಕುತ್ತಾರೆಂದು ತಮ್ಮ ಪ್ರತಾಪ ಹೇಳಿದ್ದ. ಅದನ್ನು ಕೇಳಿದ ದಿನ ಅವಳು ಡ್ರೈವರನಿಗೂ ಚಹಾ ಕುಡಿಸಿದ್ದಳು.

ಫ್ಲೆಕ್ಸಿನ ನಟ್ಟನಡುವೆ ದೊಡ್ಡದೊಂದು ಮುಖವಿತ್ತು. ಕೆಳಗೆ ‘ಕೀರ್ತಿಶೇಷ ಹುಚ್ಚಪ್ಪ ಮಾಸ್ತರರು’ ಎಂದು ಬರೆದಿತ್ತು. ಗಂಗಾಳಿಗೆ ಮೊದಲು ಅನ್ನಿಸಿದ್ದು, ಇವರು ಬೇರೆ ಯಾರದೋ ಫೋಟೋ ಹಾಕಿ ಅಪ್ಪನ ಹೆಸರು ಬರೆದಿದ್ದಾರೆ ಎಂದು. ಆಮೇಲೆ ಕಂದುಬಣ್ಣದ ಕೋಟು ಕಂಡಿತು. ಅಪ್ಪನ ನಿವೃತ್ತಿಗೆಂದು ಅವಳೇ ಹೊಲಿಸಿಕೊಟ್ಟ ಕೋಟು ಅದು. ದೊಡ್ಡ ಕಿವಿಗಳು ಅಪ್ಪನವೇ. ಕಣ್ಣುಗಳೂ ಅಪ್ಪನವೇ. ಆದರೆ ಮೂಗಿನಿಂದ ಕೆಳಗಿನ ಮುಖ ಅಪ್ಪನದಲ್ಲ. ಎಡಕ್ಕೆ ವಾಲಿದ್ದ ಗದ್ದ ನಡುವಿಗೆ ಬಂದು ಕುಳಿತಿತ್ತು. ಕೆಳಗೆ ಜಗ್ಗಿದ್ದ ಬಾಯಿಯ ಮೂಲೆ ಮೇಲೇರಿ ತುಸು ನಕ್ಕಂತೆ ಕಾಣುತ್ತಿತ್ತು. ಅಪ್ಪನ ಹಿಂದಿದ್ದ ಕರಿಹಲಗೆಯ ಅಂಚು ಮಾತ್ರ, ಗದ್ದ ಸರಿದ ಜಾಗದಲ್ಲಿ, ನೆನೆದ ಹಲಗೆಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡಿತ್ತು.

“ಗಂಗವ್ವಾ, ಸೀಟಿ ಹೊಡಿ ಬೇ, ಎಷ್ಟೊತ್ತು?” ಎಂದು ಡ್ರೈವರ್ ಕೂಗಿದ. ಅವಳು ಸೀಟಿ ಊದಿದಳು. ನವಲಗುಂದ ಮುಟ್ಟುವವರೆಗೆ ಇಬ್ಬರಿಗೆ ತಪ್ಪು ಊರಿನ ಟಿಕೀಟು ಹರಿದುಕೊಟ್ಟಳು.

ಆ ದವಡೆಯ ಕತೆ ಯರೇಹಾಳದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಎರೆಮಣ್ಣಿನ ಆ ಸೀಮೆಯಲ್ಲಿ ಬಾವಿಯ ನೀರು ಉಪ್ಪು. ಕುಡಿಯಲಿಕ್ಕೆ ಇದ್ದದ್ದು ಒಂದೇ ಕೆರೆ. ಕೆಳಗಿನ ಕೇರಿಯವರು ಕೆರೆಯ ಕಲ್ಲುಮೆಟ್ಟಿಲ ಪಾವಟಿಗೆ ಇಳಿಯುವಂತಿರಲಿಲ್ಲ. ಕೊಡ ಹಿಡಿದು ದಂಡೆಯ ಮೇಲೆ ಕೂಡಬೇಕು, ಯಾರಾದರೂ ಮನಸ್ಸು ಮಾಡಿ ತುಂಬಿಸಿ ಸುರಿಯಬೇಕು. ಆ ಕೇರಿಯ ಹುಚ್ಚಪ್ಪ ಆಗ ಇಪ್ಪತ್ತೊಂದರ ಹುಡುಗ, ಧಾರವಾಡದಲ್ಲಿ ಶಿಕ್ಷಕರ ತರಬೇತಿ ಕಲಿಯುತ್ತಿದ್ದ. ರಜೆಗೆ ಬಂದಾಗ ತಾಯಿಗೆ ಜ್ವರ. ಬೆಳಗಿನಿಂದ ಮಧ್ಯಾಹ್ನದವರೆಗೆ ದಂಡೆಯ ಮೇಲೆ ಕೂತರೂ ಒಬ್ಬರೂ ನೀರು ಸುರಿಯಲಿಲ್ಲ. ಅವನು ಎದ್ದು, ಪಾವಟಿಗೆ ಇಳಿದು, ಕೊಡ ತುಂಬಿಕೊಂಡ. ಹತ್ತಿ ಬರುವಾಗ ಮೇಲೆ ನಿಂತಿದ್ದ ವಿರೂಪಾಕ್ಷಪ್ಪ ಎಂಬವನು ಎತ್ತು ಹೊಡೆಯುವ ಬಡಿಗೆಯಿಂದ ಎಡದವಡೆಗೆ ಹೊಡೆದ. ಊರಲ್ಲಿ ಯಾರೂ ಗಾಡಿ ಕೊಡಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಖ ಬಾತು ಕಣ್ಣು ಮುಚ್ಚಿತ್ತು. ಎಲುಬು ಕೂಡಿತು, ಸೊಟ್ಟಗೆ ಕೂಡಿತು. ‘ಕೆರೆಯ ಪಾವಟಿಗೆಯ ಮೇಲೆ ಜಾರಿ ಬಿದ್ದ’ ಎಂದು ಊರ ಹಿರಿಯರು ಕಾಗದದಲ್ಲಿ ಬರೆಸಿ, ಅವನ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಹುಚ್ಚಪ್ಪ ಮಾಸ್ತರನಾದ. ಕೆಲಸಕ್ಕೆ ಸೇರಿದ ಮೊದಲ ಹದಿನಾಲ್ಕು ವರ್ಷ ಇದೇ ಶಾಲೆಯಲ್ಲಿ ಕಲಿಸಿದ. ಬಲಗಡೆಯ ಹಲ್ಲಿನಿಂದಷ್ಟೇ ಅಗಿಯುತ್ತಿದ್ದುದರಿಂದ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದ. ‘ಪ’ ಮತ್ತು ‘ಬ’ ಹೇಳುವಾಗ ತುಟಿ ಕೂಡದೆ ಗಾಳಿ ಹೊರಗೆ ಹೋಗುತ್ತಿತ್ತು. ಆದರೆ ಯಾರಾದರೂ ಫೋಟೋ ತೆಗೆಯುವಾಗ “ಮಾಸ್ತರ್, ಸ್ವಲ್ಪ ಈ ಕಡೆ ಹೊಳ್ಳ್ರಿ, ಚಲೋ ಬರ್ತೈತಿ” ಎಂದರೆ ಒಮ್ಮೆಯೂ ಹೊರಳುತ್ತಿರಲಿಲ್ಲ. “ಇದ್ದಂಗ ತೆಗಿ” ಎನ್ನುತ್ತಿದ್ದ. ನಿವೃತ್ತಿಯ ದಿನದ ಈ ಫೋಟೋದಲ್ಲೂ ಕರಿಹಲಗೆಯ ಮುಂದೆ ಎದೆ ಸೆಟೆಸಿ, ಕ್ಯಾಮೆರಾಕ್ಕೆ ನೇರ ಮುಖ ಕೊಟ್ಟು ನಿಂತಿದ್ದ.

ಬದುಕಿರುವಷ್ಟು ದಿನ ಯಾವ ಕಡೆಗೂ ಮುಖ ತಿರುಗಿಸದವನನ್ನು ಸತ್ತ ಮೇಲೆ ತಿರುಗಿಸಿದ್ದರು.

ಫ್ಲೆಕ್ಸಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ರೋಶನಿ ಡಿಜಿಟಲ್, ನವಲಗುಂದ’ ಎಂದಿತ್ತು. ನಾಲ್ಕು ಗಂಟೆಗೆ ಡ್ಯೂಟಿ ಮುಗಿದೊಡನೆ ಖಾಕಿ ಬಟ್ಟೆಯಲ್ಲೇ ಅಲ್ಲಿಗೆ ಹೋದಳು. ಅಂಗಡಿಯ ಮಾಲೀಕ ಅಲ್ಲಾಸಾಬ ಮುಂದಿನ ಮೇಜಿನ ಮೇಲೆ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕೂತಿದ್ದ. ಒಳಗೆ ಕಂಪ್ಯೂಟರಿನ ಮುಂದೆ ಅವನ ಮಗಳು ತಹಸೀನ್ ಇದ್ದಳು. ಕೆಲಸವೆಲ್ಲ ಅವಳದೇ.

“ಯರೇಹಾಳ ಸಾಲಿ ಫ್ಲೆಕ್ಸ್ ಮಾಡಿದವರು ನೀವ ಏನು?”

“ಹೌದ್ರಿ ಅಕ್ಕಾರ. ಯಾಕ್ರಿ, ಅಕ್ಷರ ತಪ್ಪೇನರ ಬಿದ್ದಾವೇನ್ರಿ?”

“ಅಕ್ಷರ ಸರಿ ಅದಾವು. ನಮ್ಮಪ್ಪನ ಮಾರಿ ತಪ್ಪು ಬಿದ್ದೈತಿ.”

ತಹಸೀನ್ ಗಾಬರಿಯಾಗಿ ಕುರ್ಚಿ ಎಳೆದುಕೊಟ್ಟಳು. ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದಳು. ಪಕ್ಕದಲ್ಲಿದ್ದ ಕಣ್ಣಿನ ಆಕಾರದ ಗುರುತನ್ನು ಒತ್ತಿದರೆ ಹೊಸ ಮುಖ ಮರೆಯಾಗಿ ಹಳೆಯದು ಬರುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಹೊಸದು. ಅಪ್ಪನ ದವಡೆ ಸೊಟ್ಟಗಾಗಿ, ನೆಟ್ಟಗಾಗಿ, ಮತ್ತೆ ಸೊಟ್ಟಗಾಯಿತು. ಯಾರೋ ಕೈಯಿಂದ ಹಿಡಿದು ಅಲುಗಾಡಿಸಿದ ಹಾಗೆ.

“ನಿಲ್ಲಸವಾ,” ಎಂದಳು ಗಂಗಾ. “ಹೆಂಗ ಮಾಡಿದಿ ಇದನ್ನ? ತೋರಸು.”

ತಹಸೀನ್ ಸಂಕೋಚದಿಂದಲೇ ತೋರಿಸಿದಳು. “ಇದು ಬ್ರಷ್ರಿ. ಗದ್ದದ ಮ್ಯಾಲ ಇಟ್ಟು ತಳ್ಳಿದ್ರ ಗದ್ದ ಸರೀತೈತಿ. ಹಸಿ ಕಣಕ ಬೆರಳಿಲೆ ಒತ್ತಿದಂಗ. ಆದ್ರ ಒಂದ ಕಡೆ ತಳ್ಳಿದ್ರ ಬಾಜೂದ್ದೂ ಸರೀತೈತಿ ನೋಡ್ರಿ, ಮೀಸಿ ಡೊಂಕ ಆತು. ಅದಕ್ಕ ಮ್ಯಾಲ ಈ ಜಾಲರಿ ಹಾಸಿದೆ. ಜಾಲರಿ ಮೂಲಿ ಹಿಡದು ಜಗ್ಗಿದ್ರ ಅಷ್ಟ ಜಾಗಾ ಹೊಳ್ಳಿ ಬರ್ತೈತಿ. ಬಾಯಿ ಮೂಲಿ ಕೆಳಗ ಇತ್ರಿ, ಅದನ್ನ ಸ್ವಲ್ಪ ಎತ್ತಿದೆ. ಎರಡು ತಾಸು ಹಿಡೀತ್ರಿ, ಹಿಂದಿನ ಬೋರ್ಡ್ ಬಾಗಿದ್ದ ನೋಡ್ಲೇ ಇಲ್ಲ.”

ಕೆಲಸದ ಬಗ್ಗೆ ಹೇಳುವಾಗ ಹುಡುಗಿಯ ದನಿಯಲ್ಲಿ ತುಸು ಹೆಮ್ಮೆ ಇಣುಕಿತ್ತು. ಗಂಗಾಳ ಮುಖ ನೋಡಿ ಅದು ಆರಿಹೋಯಿತು.

“ಯಾರು ಹೇಳಿದ್ರು ಹಿಂಗ ಮಾಡು ಅಂತ?”

“ಸುಭಾಸ ಕಾಕಾರು, ಸಂಘದ ಅಧ್ಯಕ್ಷರು. ಮಾರಿ ನೆಟ್ಟಗ ಮಾಡವಾ ಅಂದ್ರು. ನಾ ಮಾಸ್ತರಿಗೆ ಲಕ್ವಾ ಹೊಡದಿತ್ತು ಅನ್ಕೊಂಡೆ ಅಕ್ಕಾರ. ದಿನಾ ಇಂಥಾವ ಮಾಡ್ತೀನ್ರಿ. ದಪ್ಪ ಇದ್ದವರನ್ನ ತೆಳ್ಳಗ, ಗಿಡ್ಡ ಇದ್ದವರನ್ನ ಎತ್ತರ. ಯಾರೂ ಬ್ಯಾಡ ಅಂದಿಲ್ಲ.”

“ಲಕ್ವಾ ಅಲ್ಲವಾ ಅದು. ಬಡಿಗಿ ಏಟು. ಕುಡಿಯೋ ನೀರು ತುಂಬ್ಕೊಂಡಾನ ಅಂತ ಹೊಡದಿದ್ದು. ಹೊಡದಾಂವ ಈ ಸುಭಾಸನ ಅಪ್ಪ.”

ಹೊರಗೆ ಅಲ್ಲಾಸಾಬನ ಕತ್ತರಿ ನಿಂತಿತು. ತಹಸೀನ್ ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಹೇಳಲೋ ಬೇಡವೋ ಎನ್ನುವಂತೆ ಅಂದಳು: “ಅಕ್ಕಾರ, ನಾ ಮಾಡಿದ ಮ್ಯಾಲ ಮನಿಯವರಿಗೆ ತೋರಸ್ರಿ ಅಂದಿದ್ದೆ. ಕಾಕಾರು ನಿಮ್ಮ ತಮ್ಮಾರಿಗೆ ಕಳಿಸ್ಯಾರ. ಪ್ರತಾಪ ಸರ್ ‘ಇದ ಇರಲಿ’ ಅಂತ ಬರದಾರ. ನೋಡ್ರಿ.”

ಅವಳು ಫೋನು ಮುಂದೆ ಹಿಡಿದಳು. ಸುಭಾಸ ಕಳಿಸಿದ ಸಂದೇಶದಲ್ಲಿ ಪ್ರತಾಪನ ಮಾತು ಹಾಗೆಯೇ ಇತ್ತು. ‘ಇದ ಇರಲಿ.’

ಗಂಗಾ ಆ ಎರಡು ಪದಗಳನ್ನು ಮತ್ತೆ ಮತ್ತೆ ಓದಿದಳು. ಸುಭಾಸನ ಮೇಲೆ ಬಂದಿದ್ದ ಸಿಟ್ಟಿಗೆ ಒಂದು ದಿಕ್ಕಿತ್ತು. ಈ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. “ಹಳೇ ಫೋಟೋ ಅಳಸಬ್ಯಾಡ. ಜೋಪಾನ ಇಡು,” ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದಳು.

ಯರೇಹಾಳದ ಮನೆಯಲ್ಲಿ ಅವಳ ತಾಯಿ ಫಕೀರವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪ್ರತಾಪ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಶಿಕ್ಷಕ. ಆಗಷ್ಟೇ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದ. ಅಕ್ಕ ಖಾಕಿಯಲ್ಲೇ ಬಂದದ್ದು ನೋಡಿ ಅವನಿಗೆ ಅರ್ಥವಾಯಿತು.

“ಫ್ಲೆಕ್ಸ್ ನೋಡಿದ್ಯಾ ಅಕ್ಕಾ?”

“ನೋಡಿದೆ. ಯಾರದೋ ಫೋಟೋ ಹಾಕ್ಯಾರ. ನೀ ಹೂಂ ಅಂದೀಯಂತ.”

ಪ್ರತಾಪ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗುಹಾಕಿದ, ಅದು ಬಿತ್ತು, ಮತ್ತೆ ಎತ್ತಿ ಹಾಕಿದ. “ಇಷ್ಟ ವರ್ಷಕ್ಕ ಅವರಾಗೇ ಬಂದು ಹಾಕ್ತೀವಿ ಅಂದಾರ. ಸಾಲಿ ಒಳಗ ನಮ್ಮವರ ಒಬ್ಬರ ಫೋಟೋ ಐತೇನು ಹೇಳು? ಇದ ಮೊದಲನೇದು. ಅದಕ್ಕೊಂದು ತಕರಾರು ಯಾಕ ಅಂತ...”

“ಸುಳ್ಳ ಹೇಳಬ್ಯಾಡ. ಬರೇ ಅದಕ್ಕ ಹೂಂ ಅಂದಿಲ್ಲ ನೀನು.”

ಅವನ ಹೆಂಡತಿ ಸುವರ್ಣಾ ಚಹಾ ತಂದವಳು ಬಾಗಿಲಲ್ಲೇ ನಿಂತಳು. ಪ್ರತಾಪ ಕಟ್ಟೆಯ ತುದಿಗೆ ಕೂತು ನೆಲ ನೋಡುತ್ತ ಮಾತಾಡಿದ.

“ಸಾಲ್ಯಾಗ ಮೂರನೇತ್ತಾ ಇದ್ದಾಗ ಹುಡುಗ್ರು ನನ್ನ ಮುಂದ ಬಾಯಿ ಸೊಟ್ಟ ಮಾಡಿ ಮಗ್ಗಿ ಅಂತಿದ್ರು. ಅಪ್ಪ ಹೆಂಗ ಅಂತಿದ್ನೋ ಹಂಗ. ನಿನ್ನ ಮುಂದ ಯಾರೂ ಅಂದಿಲ್ಲ, ನೀ ಕಲ್ಲ ಒಗೀತಿದ್ದಿ. ನಾ ನಗ್ತಿದ್ದೆ ಅಕ್ಕಾ. ಅವರ ಕೂಡ ನಾನೂ ನಗ್ತಿದ್ದೆ.” ಅವನು ಬಿದ್ದಿದ್ದ ಕಾಳೊಂದನ್ನು ಹೆಕ್ಕಿ ಮೊರಕ್ಕೆ ಹಾಕಿದ. “ಮೊನ್ನಿ ಸುಭಾಸಣ್ಣ ಈ ಫೋಟೋ ಕಳಿಸಿದ. ನನಗೂ ಮೊದಲ ಸಿಟ್ಟ ಬಂತು. ಆಮ್ಯಾಲ ನೋಡ್ಕೋತ ಕುಂತೆ. ಅವರು ಹೊಡೀದ ಇದ್ದಿದ್ರ ಅಪ್ಪ ಹಿಂಗ ಇರ್ತಿದ್ದ. ಹಿಂಗ ನಗ್ತಿದ್ದ. ಬ್ಯಾಡ ಅಂತ ಬರಿಯಾಕ ಕೈ ಬರಲಿಲ್ಲ.”

ಗಂಗಾ ಬಾಯಿಯವರೆಗೆ ಬಂದ ಬೈಗುಳ ನುಂಗಿದಳು. ಆದರೂ ಸಿಟ್ಟು ಇಳಿಯಲಿಲ್ಲ. ಹೊಡೆದವರು ಹೊಡೆದು ಹೋದರು, ಅಪ್ಪನ ನಗು ಹೇಗಿತ್ತೆಂದು ತಿಳಿಯಲು ಇವನು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ನೋಡಬೇಕಾಯಿತು.

ಫಕೀರವ್ವ ಮೊರ ಕೆಳಗಿಟ್ಟು ಕೈ ಒರೆಸಿಕೊಂಡಳು. “ಏನದು? ನನಗೂ ತೋರಸ್ರಿ.”

ಪ್ರತಾಪ ಫೋನು ಕೊಟ್ಟ. ಫಕೀರವ್ವ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಇವ ಯಾರು?”

“ಅಪ್ಪ, ಯವ್ವಾ.”

“ನಿಮ್ಮಪ್ಪ ಅಲ್ಲ ಇವ.” ಅವಳು ಫೋನನ್ನು ಹಿಂದಕ್ಕೆ ಕೊಟ್ಟಳು. “ನಾ ಲಗ್ನ ಆಗಿ ಬಂದಾಗ ಅವರ ದವಡಿ ಮುರದು ಮೂರು ವರ್ಷ ಆಗಿತ್ತು. ನೋಡಾಕ ಬಂದಾಗ ನಮ್ಮವ್ವಗ ಅವರ ಹೇಳಿದ್ರು, ಮಾರಿ ಹಿಂಗ ಐತ್ರಿ, ನೀರಿನ ಸಲುವಾಗಿ ಹಿಂಗ ಆಗೇತಿ, ಮನಸ್ಸಿದ್ರ ಕೊಡ್ರಿ ಅಂತ. ನಾ ಆ ಮಾರಿ ನೋಡೇ ಹೂಂ ಅಂದಾಕಿ. ರೊಟ್ಟಿ ನೆನಿಸಿ ಕೊಟ್ಟಾಕಿ. ಥಂಡಿ ದಿನದಾಗ ದವಡಿ ನೋಯತಿತ್ತು, ಉಪ್ಪಿನ ಶಾಖಾ ಕೊಟ್ಟಾಕಿ. ಈ ಗಂಡಸಿನ ಕೂಡ ನಾ ಬಾಳೇವು ಮಾಡಿಲ್ಲ. ಇವನ ಮುಂದ ಕೈ ಮುಗಿ ಅಂದ್ರ ನಾ ಹೆಂಗ ಮುಗೀಲಿ?”

ಸುವರ್ಣಾ ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟು ಅತ್ತೆಯ ಪಕ್ಕದಲ್ಲಿ ಕೂತಳು.

“ನಾಳೆ ಸಾಲಿಗೆ ಹೋಗೂಣು,” ಎಂದಳು ಫಕೀರವ್ವ. “ಮೂವರೂ.”

ಶನಿವಾರ ಶಾಲೆ ಅರ್ಧ ದಿನ. ಅವರು ಹೋದಾಗ ಮಕ್ಕಳು ಮನೆಗೆ ಹೊರಟಿದ್ದರು. ಸಭಾಂಗಣದ ಗೋಡೆಯ ಮೇಲೆ ದೊಡ್ಡ ಚೌಕಟ್ಟಿನ ಫೋಟೋವನ್ನು ಆಗಲೇ ತೂಗುಹಾಕಿದ್ದರು. ಅದೇ ನೆಟ್ಟನೆಯ ಮುಖ. ಸುಭಾಸ ಕೆಳಗೆ ನಿಂತು ಅದು ವಾಲಿದೆಯೇ ಎಂದು ನೋಡುತ್ತಿದ್ದ. ಐವತ್ತೈದರ ಆಸುಪಾಸಿನ ಮನುಷ್ಯ, ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇತ್ತು. ಜೊತೆಗೆ ಸಂಘದ ಹಿರಿಯ ಮಡಿವಾಳೆಪ್ಪ ಮತ್ತು ಮುಖ್ಯೋಪಾಧ್ಯಾಯಿನಿ ಮಹಾನಂದಾ ಇದ್ದರು. ಮಹಾನಂದಾ ಬೇರೆ ಊರಿನವರು, ಬಂದು ಒಂದು ವರ್ಷವಾಗಿತ್ತು.

“ಬರ್ರಿ ಅಮ್ಮಾರ, ಕುಂಡ್ರಿ,” ಎಂದು ಸುಭಾಸ ತಾನೇ ಕುರ್ಚಿ ಎಳೆದ. “ಮಾಸ್ತರ್ ಫೋಟೋ ಹೆಂಗ ಬಂದೈತಿ ನೋಡ್ರಿ. ಅಗದಿ ಚಂದ ಬಂದೈತಿ.”

ಫಕೀರವ್ವ ಕೂಡಲಿಲ್ಲ. ಗಂಗಾ ಮುಂದೆ ಬಂದಳು. “ಇದನ್ನ ಇಳಸ್ರಿ. ಇದು ನಮ್ಮಪ್ಪನ ಫೋಟೋ ಅಲ್ಲ.”

“ಅಲ್ಲ ಅಂದ್ರ ಹೆಂಗವಾ? ಕೆಳಗ ಹೆಸರು ಐತಿ.”

“ಹೆಸರು ಐತಿ. ಮಾರಿ ಎಲ್ಲಿ ಹೋತು?”

ಸುಭಾಸ ಮಡಿವಾಳೆಪ್ಪನ ಕಡೆ ನೋಡಿದ. “ನೋಡು ಗಂಗಾ, ಗೌರವದಿಂದ ಮಾಡಿಸೀವಿ. ದೊಡ್ಡ ದೊಡ್ಡವರು ಬರ್ತಾರ. ಮಾಸ್ತರ್ ಲಕ್ಷಣಾಗಿ ಕಾಣಲಿ ಅಂತ.”

“ನಮ್ಮಪ್ಪಗ ಲಕ್ಷಣ ಇರಲಿಲ್ಲ ಅಂತ ನಿಮಗ ಹೇಳಿದವರು ಯಾರು?”

“ಹಂಗಲ್ಲವಾ. ಪ್ರತಾಪಗ ಕಳಿಸಿದ್ದೆ. ಅವನ ಹೂಂ ಅಂದಾನ.”

ಎಲ್ಲರೂ ಪ್ರತಾಪನ ಕಡೆ ನೋಡಿದರು. ಅವನ ಮುಖ ಕೆಂಪಾಗಿತ್ತು. “ಅಂದಿದ್ದೆ. ತಪ್ಪಾತು. ಈಗ ಬ್ಯಾಡ ಅಂತೀನಿ.”

ಮಡಿವಾಳೆಪ್ಪ ಕೋಲು ಊರಿ ಎದ್ದ. “ತಂಗಿ, ಐವತ್ತು ವರ್ಷದ ಮಾತು. ಹೊಡದವರೂ ಹೋದ್ರು, ಹೊಡಿಸ್ಕೊಂಡವರೂ ಹೋದ್ರು. ನಾಳೆ ಒಳ್ಳೇ ದಿನ. ಹಳೇದನ್ನ ಯಾಕ ಕೆದರತೀರಿ?”

“ನಾವು ಎಲ್ಲಿ ಕೆದರೀವ್ರಿ ಅಜ್ಜಾರ?” ಗಂಗಾಳ ದನಿ ಏರಿತು. ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳುವ ದನಿ ಅದು, ಅಂಗಳದಲ್ಲಿದ್ದವರೂ ತಿರುಗಿ ನೋಡಿದರು. “ಫೋಟೋ ಹಾಕ್ರಿ ಅಂತ ನಾವು ಕೇಳಿರಲಿಲ್ಲ. ನೀವ ಬಂದ್ರಿ. ಬಂದು ತಿದ್ದಿದ್ರಿ. ಪಾವಟಿಗಿ ಮ್ಯಾಲ ಜಾರಿ ಬಿದ್ದ ಅಂತ ಅವತ್ತ ಕಾಗದದಾಗ ಬರಸಿದ್ರಿ. ನಮ್ಮಜ್ಜಗ ಓದಾಕ ಬರತಿರಲಿಲ್ಲ, ಹೆಬ್ಬೆಟ್ಟ ಒತ್ತಿದ. ಆ ಕಾಗದ ಸುಳ್ಳು. ಊರಾಗ ಯಾರೂ ಬಾಯಿ ಬಿಡಲಿಲ್ಲ, ಅದೂ ಸುಳ್ಳು. ನಮ್ಮಪ್ಪನ ಮಾರಿ ಒಂದ ಖರೇ ಉಳದಿತ್ತು. ಅದನ್ನೂ ಇವತ್ತ ಕಂಪ್ಯೂಟರಿನ್ಯಾಗ ಹಾಕಿ ಅಳಿಸಿದ್ರೆಲ್ಲಾ!”

ಸುಭಾಸ ಒಮ್ಮೆಲೇ ಕುರ್ಚಿಯ ಮೇಲೆ ಕೂತ. ಮಾತಾಡುವಾಗ ಅವನ ದನಿಯಲ್ಲಿ ಅಧ್ಯಕ್ಷನ ಗತ್ತು ಇರಲಿಲ್ಲ.

“ನನಗ ಅಕ್ಷರ ಕಲಿಸಿದವರು ಅವರು. ನಮ್ಮಪ್ಪ ಏನ ಮಾಡಿದ್ದ ಅಂತ ಗೊತ್ತಿದ್ದೂ ನನ್ನ ಕೈ ಹಿಡದು ತಿದ್ದಿಸಿದ್ರು. ಒಂದ ದಿವಸನೂ ಹೊಡೀಲಿಲ್ಲ, ಎತ್ತಿ ಆಡಲಿಲ್ಲ. ಫೋಟೋ ಹಾಕಬೇಕು ಅಂತ ಮೊದಲ ಅಂದಾಂವ ನಾನ. ಆದ್ರ ಇದ್ದಂಗ ಹಾಕಿದ್ರ ದಿನಾ ಹುಡುಗ್ರು ಕೇಳ್ತಾರ, ಏನಾಗಿತ್ತು, ಯಾರು ಹೊಡದ್ರು ಅಂತ. ನಮ್ಮಪ್ಪನ ಹೆಸರು ಬರ್ತೈತಿ. ನನ್ನ ಮೊಮ್ಮಗಳು ಇದ ಸಾಲ್ಯಾಗ ಒಂದನೇತ್ತಾ ಅದಾಳ. ಆಕಿ ಬಂದು ಕೇಳಿದ್ರ ನಾ ಏನ ಹೇಳಲಿ?”

ಗಂಗಾ ಉತ್ತರಿಸುವ ಮೊದಲು ಫಕೀರವ್ವ ಮಾತಾಡಿದಳು. ಅವಳ ದನಿ ಏರಲಿಲ್ಲ.

“ಸುಭಾಸಾ, ನಿನ್ನ ಮೊಮ್ಮಗಳಿಗೆ ಏನ ಹೇಳಬೇಕು ಅನ್ನೋದು ನಿನ್ನ ಕೆಲಸ. ಅದಕ್ಕ ನನ್ನ ಗಂಡನ ಮಾರಿ ಯಾಕ ತಿದ್ದತಿ?”

ಮಡಿವಾಳೆಪ್ಪ ಏನೋ ಹೇಳಹೋಗಿ ಕೆಮ್ಮಿದ.

ಅಷ್ಟರಲ್ಲಿ ಪ್ರತಾಪ ಮೂಲೆಯಲ್ಲಿದ್ದ ಬೆಂಚನ್ನು ಗೋಡೆಗೆ ಎಳೆದು, ಮೇಲೆ ಹತ್ತಿ, ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ ಇಳಿಸಿದ. ಗಂಗಾ ಕೆಳಗಿನಿಂದ ಹಿಡಿದುಕೊಂಡಳು. ಇಬ್ಬರೂ ಸೇರಿ ಅದನ್ನು ಮುಖ ಒಳಗೆ ಮಾಡಿ ಗೋಡೆಗೆ ಆನಿಸಿದರು.

“ನಾಳೆ ಆ ಜಾಗಾ ಖಾಲಿ ಕಂಡ್ರ ಜನ ಏನಂತಾರ?” ಎಂದ ಮಡಿವಾಳೆಪ್ಪ, ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ. “ಅಕ್ಕೋರ, ನೀವರ ಹೇಳ್ರಿ.”

“ನನಗ ಈ ವಿಷಯ ಗೊತ್ತ ಇರಲಿಲ್ರಿ. ಲಕ್ವಾ ಹೊಡದಿತ್ತು ಅಂತ ನನಗೂ ಹೇಳಿದ್ರಿ,” ಎಂದರು ಮಹಾನಂದಾ. ಅವರ ಮಾತಿನಲ್ಲೂ ಸಿಟ್ಟಿತ್ತು. “ಈ ಗ್ವಾಡಿ ಸಾಲೀದು, ಸಂಘದ್ದಲ್ಲ. ಮನಿಯವರು ಯಾವ ಫೋಟೋ ಕೊಡ್ತಾರ, ಅದನ್ನ ಹಾಕ್ತೀನಿ. ಅಲ್ಲೀತನಕ ಖಾಲಿ ಇರಲಿ.”

ಭಾನುವಾರ ಸಮಾರಂಭ ನಡೆಯಿತು. ಫಕೀರವ್ವನ ಮನೆಯಿಂದ ಯಾರೂ ಹೋಗಲಿಲ್ಲ. ಗೇಟಿನ ಮೇಲಿನ ಫ್ಲೆಕ್ಸನ್ನು ಮಹಾನಂದಾ ಬೆಳಗಾಗುತ್ತಲೇ ಬಿಚ್ಚಿಸಿದ್ದರು. ಸುಭಾಸ ಸ್ವಾಗತ ಭಾಷಣ ಮಾಡಬೇಕಿತ್ತು, ಮೈಯಲ್ಲಿ ಹುಷಾರಿಲ್ಲವೆಂದು ಬರಲಿಲ್ಲ. ಮುಂದಿನ ಎರಡು ದಿನ ಗಂಗಾಳ ಬಸ್ಸಿನಲ್ಲೂ ಅದರದೇ ಮಾತು. ಹಿಂದಿನ ಸೀಟಿನಲ್ಲಿ ಕೂತ ಒಬ್ಬ ಪಕ್ಕದವನಿಗೆ, “ಅವರಿಗೆ ಮಾನ ಕೊಟ್ರೂ ತಗೊಳ್ಳಾಕ ಬರೂದಿಲ್ಲ ನೋಡಪಾ, ಫೋಟೋ ಹಾಕಿದ್ರ ಅದಕ್ಕೂ ಜಗಳ,” ಎಂದ. ಗಂಗಾ ಕೇಳಿಸಿಕೊಂಡು ಅವನ ಸೀಟಿನ ಹತ್ತಿರ ಬಂದಳು.

“ನಿಮ್ಮ ಆಧಾರ್ ಕಾರ್ಡ್ ಐತೇನ್ರಿ?”

“ಐತಿ. ಯಾಕ?”

“ಅದರಾಗಿನ ನಿಮ್ಮ ಫೋಟೋ ತಗದು ಇನ್ನೊಬ್ಬರದು ಹಾಕಿ ಕೊಡ್ತೀನಿ. ನಿಮಗಿಂತ ಚಂದ ಇದ್ದವರದು. ಮಾನ ಅಂತ ತಗೋತೀರೇನು?”

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಆ ಮನುಷ್ಯ ಕಿಟಕಿಯ ಹೊರಗೆ ನೋಡತೊಡಗಿದ. ಗಂಗಾಳಿಗೆ ನಗು ಬರಲಿಲ್ಲ. ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಎಂದೇ ದಿನವಿಡೀ ಅನ್ನಿಸಿತು.

ಬುಧವಾರ ತಹಸೀನ್ ತಾನೇ ಸ್ಕೂಟಿಯ ಮೇಲೆ ಯರೇಹಾಳಕ್ಕೆ ಬಂದಳು. ಹಿಂದೆ ಅಲ್ಲಾಸಾಬ ಬಟ್ಟೆ ಸುತ್ತಿದ ಫೋಟೋ ತಬ್ಬಿಕೊಂಡು ಕೂತಿದ್ದ. ಅದು ಹಳೆಯ ಮುಖವೇ, ಅಷ್ಟೇ ದೊಡ್ಡದು. “ಒಂದ ಕೂದಲೂ ಮುಟ್ಟಿಲ್ಲ ಅಮ್ಮಾರ,” ಎಂದಳು ತಹಸೀನ್. “ಬೆಳಕೂ ಜಾಸ್ತಿ ಮಾಡಿಲ್ಲ.” ಮಧ್ಯಾಹ್ನದ ಊಟದ ಗಂಟೆಗೆ ಮೊದಲು ಮಹಾನಂದಾ ಅದನ್ನು ತೂಗುಹಾಕಿಸಿದರು. ಮಾಲೆ, ಭಾಷಣ ಏನೂ ಇರಲಿಲ್ಲ. ಸಂಘದವರಲ್ಲಿ ಮಡಿವಾಳೆಪ್ಪ ಒಬ್ಬನೇ ಬಂದಿದ್ದ, ಅವನೂ ಬಾಗಿಲ ಹೊರಗೇ ನಿಂತಿದ್ದ. ಫಕೀರವ್ವ ಎರಡೂ ಕೈ ಎತ್ತಿ ಮುಗಿದಳು. ಆಮೇಲೆ ಸೆರಗಿನ ತುದಿಯಿಂದ ಗಾಜಿನ ಮೇಲಿದ್ದ ಕೈಗುರುತನ್ನು ಒರೆಸಿದಳು.

ಮನೆಗೆ ನಡೆದು ಬರುವಾಗ ಫಕೀರವ್ವ ಸುವರ್ಣಾಳ ಕೈ ಹಿಡಿದು ಮುಂದೆ ಹೋಗುತ್ತಿದ್ದಳು. ಅಕ್ಕ ತಮ್ಮ ಹಿಂದೆ ಉಳಿದರು. ಶುಕ್ರವಾರದಿಂದ ಅವರಿಬ್ಬರಲ್ಲಿ ಬೇಕಾದಷ್ಟೇ ಮಾತು ನಡೆದಿತ್ತು.

“ಅಕ್ಕಾ,” ಎಂದ ಪ್ರತಾಪ. “ಆ ಫೋಟೋ ನನ್ನ ಫೋನಿನ್ಯಾಗ ಇನ್ನೂ ಐತಿ. ಮೂರು ಸಲ ಅಳಿಸಬೇಕಂತ ತಗದೆ. ಆಗವಲ್ದು.”

ಗಂಗಾ ಥಟ್ಟನೆ ನಿಂತಳು. ನಾಲಗೆಯ ಮೇಲೆ ಕಟುವಾದದ್ದೇ ಬಂದಿತ್ತು. ತಮ್ಮನ ಮುಖ ನೋಡಿದಳು. ನಲವತ್ತರ ಹತ್ತಿರ ಬಂದ ಮೇಷ್ಟ್ರು, ಕಿವಿಯ ಹತ್ತಿರ ಕೂದಲು ನರೆತಿದ್ದವು. ದವಡೆ ಅಪ್ಪನದೇ ಅಳತೆಯದು. ಆ ಹುಡುಗಿ ಕಂಪ್ಯೂಟರಿನಲ್ಲಿ ತಳ್ಳಿ ಎಳೆದು ಮಾಡಿದ್ದು ಹೆಚ್ಚುಕಡಿಮೆ ಇವನದೇ ಮುಖ.

“ಕೊಡು ಇಲ್ಲಿ,” ಎಂದು ಫೋನು ಇಸಕೊಂಡಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಆ ನೆಟ್ಟನೆಯ ಮುಖವನ್ನು ಮೊದಲ ಸಲ ನಿಧಾನವಾಗಿ ನೋಡಿದಳು. ಇಪ್ಪತ್ತೊಂದರ ಹುಡುಗ ತುಂಬಿದ ಕೊಡ ಹೊತ್ತು ಪಾವಟಿಗೆ ಹತ್ತಿ ಬರುವಾಗ ಹೀಗೇ ಇದ್ದನೇನೋ. ಬಡಿಗೆಯ ಮೇಲೆ, ಅದನ್ನು ಎತ್ತಿದ ಕೈಯ ಮೇಲೆ, ಸುತ್ತ ನಿಂತು ನೋಡಿದ ಊರಿನ ಮೇಲೆ ಅವಳಿಗೆ ಮತ್ತೆ ಮೊದಲಿನಷ್ಟೇ ಸಿಟ್ಟು ಬಂತು. ತಮ್ಮನ ಮೇಲೆ ಬರಲಿಲ್ಲ.

“ಇಟ್ಕೋ,” ಎಂದು ಫೋನನ್ನು ಅವನ ಅಂಗಿಯ ಜೇಬಿಗೆ ಹಾಕಿದಳು. “ಆದ್ರ ಯಾರಿಗೂ ಕಳಿಸಬ್ಯಾಡ.”

“ಇಲ್ಲ ಅಕ್ಕಾ.”

“ಮತ್ತ ನಿನ್ನ ಮಕ್ಕಳಿಗೆ ತೋರಿಸಿದ್ರ ಯಾಕ ಹಿಂಗ ಮಾಡಿದ್ರು ಅನ್ನೋದನ್ನೂ ಹೇಳು. ಬರೇ ಫೋಟೋ ತೋರಿಸಿ ಬಿಡಬ್ಯಾಡ.”

ಮುಂದೆ ಹೋಗಿದ್ದ ಫಕೀರವ್ವ ತಿರುಗಿ ನಿಂತು, ರೊಟ್ಟಿ ಆರುತ್ತವೆ, ಬೇಗ ಬರ್ರಿ ಎಂದು ಕೂಗಿದಳು. ಇಬ್ಬರೂ ಹೆಜ್ಜೆ ಹಾಕಿದರು.